ಸೊನ್ನೆ ನಂಬರಿನ ಕೀಲಿ

ಗುರುಶಾಂತಪ್ಪನವರು ಆಫೀಸಿನಲ್ಲಿ ಕೂತದ್ದನ್ನು ನಾವ್ಯಾರೂ ನೋಡಿರಲಿಲ್ಲ. ಹಣೆಗೆ ವಿಭೂತಿ, ಕಿವಿಯ ಮೇಲೆ ಪೆನ್ಸಿಲ್, ಕಾಲಿಗೆ ಸದ್ದಾಗದ ಕ್ಯಾನ್ವಾಸ್ ಬೂಟು. ಮೆಷೀನ್ ರೂಮಿನ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರುತ್ತಿದ್ದರು. ಇಡ್ಲಿಯನ್ನೂ ನಿಂತೇ ತಿನ್ನುವರು. “ಕೂತ್ರೆ ತಲೆ ಓಡಲ್ಲ ತಂಗಿ,” ಎನ್ನುವರು. ಅವರನ್ನು ನೋಡುತ್ತ ಕೂತರೆ ನಮಗೇ ಕಾಲು ನೋಯುತ್ತಿತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಕಾರ್ಖಾನೆಗಳ ಸಾಲಿನಲ್ಲಿ ನಮ್ಮ ಕಂಪ್ಯೂಟರ್ ಕೇಂದ್ರ. ಇದ್ದದ್ದು ಒಂದೇ ಮೆಷೀನು, ಅದಕ್ಕೊಂದು ಹಜಾರ. ಯಾರ್ಯಾರದೋ ಕೆಲಸ ತೂತು ಹೊಡೆದ ಕಾರ್ಡುಗಳ ಕಟ್ಟಿನಲ್ಲಿ ಬರುತ್ತಿತ್ತು. ಮೂರ್ನಾಲ್ಕು ಪ್ರೋಗ್ರಾಮುಗಳು ಒಟ್ಟಿಗೇ ಓಡುತ್ತಿದ್ದವು. ನಾನು ಹೊಸದಾಗಿ ಸೇರಿದ ಪ್ರೋಗ್ರಾಮರ್, ಕೆಲಸ ಇನ್ನೂ ಖಾಯಮಾಗಿರಲಿಲ್ಲ. ದಾವಣಗೆರೆ ಕಡೆಯ ಗುರುಶಾಂತಪ್ಪನವರದು ಇವೆಲ್ಲಕ್ಕೂ ಮೇಲಿನ ಕೆಲಸ. ಮೆಷೀನಿನ ಒಳಾಡಳಿತ ನಡೆಸುವ ಸೂಪರ್‌ವೈಸರ್ ಪ್ರೋಗ್ರಾಮು ಅವರ ಸುಪರ್ದಿನಲ್ಲಿತ್ತು.

ಮೊದಲ ವಾರವೇ ನನ್ನನ್ನೂ ಜೊತೆಗೆ ನಡೆಸಿಕೊಂಡು ಪಾಠ ಹೇಳಿದರು. “ಮೆಮೊರಿ ಅಂದ್ರೆ ಒಂದು ವಠಾರ ಅಂದ್ಕೋ. ಪ್ರತಿ ಕೋಣೆಗೂ ಒಂದು ನಂಬರಿನ ಬೀಗ. ನಿನ್ನ ಪ್ರೋಗ್ರಾಮಿಗೆ ಮೂರನೇ ಕೀಲಿ ಕೊಟ್ರೆ, ಮೂರನೇ ನಂಬರಿನ ಕೋಣೆಗಳಲ್ಲಿ ಮಾತ್ರ ನೀನು ಬರೀಬಹುದು. ಪಕ್ಕದವರ ಕೋಣೆಗೆ ಕೈ ಹಾಕಿದ್ಯೋ, ಮೆಷೀನು ಅಲ್ಲೇ ನಿಲ್ಸಿಬಿಡುತ್ತೆ.”

“ಸೊನ್ನೆ ನಂಬರಿನ ಕೀಲಿ ಯಾರಿಗೆ ಸಾರ್?”

“ಅದು ವಠಾರದ ಯಜಮಾನಂದು. ಎಲ್ಲಾ ಬೀಗಕ್ಕೂ ಆಗುತ್ತೆ, ಯಾಕೆ ಅಂತ ಯಾರೂ ಕೇಳಲ್ಲ. ಬಾಡಿಗೆಯವರ ಕೈಗೆ ಅದನ್ನ ಕೊಡಬಾರ್ದು. ದೇವರೇ ಬಂದು ಕೇಳಿದ್ರೂ ಕೊಡಬಾರ್ದು.”

ದೇವರು ಕೇಳಲಿಲ್ಲ, ನಾನು ಕೇಳಿದೆ.

ಕಾರ್ಖಾನೆಯೊಂದರ ಬಿಡಿಭಾಗಗಳ ಪಟ್ಟಿ ನನ್ನ ಮೊದಲ ಸ್ವತಂತ್ರ ಕೆಲಸ. ಸಂಜೆ ನಾಲ್ಕಕ್ಕೆ ಅವರ ಜೀಪು ಬರುವುದಿತ್ತು. ಬೆಳಗಿನಿಂದ ಮೂರು ಸಲ ನನ್ನ ಪ್ರೋಗ್ರಾಮನ್ನು ಮೆಷೀನು ನಡುವೆಯೇ ನಿಲ್ಲಿಸಿತ್ತು, ಪಕ್ಕದವರ ಕೋಣೆಗೆ ಕೈ ಹಾಕಿದೆ ಎಂದು. ಗುರುಶಾಂತಪ್ಪನವರು ಮೆಷೀನು ಅಚ್ಚು ಹಾಕಿದ ಮಾರುದ್ದದ ಕಾಗದ ಹರಡಿಕೊಂಡು, “ತಪ್ಪು ನಿಂದೇ ಕಣವ್ವ, ಎಲ್ಲೋ ಗಡಿ ದಾಟ್ತಾ ಇದೀಯ. ಅರ್ಧ ದಿನ ಕೊಡು, ಹುಡುಕೋಣ,” ಎಂದರು. ಅರ್ಧ ದಿನ ಎಲ್ಲಿತ್ತು? ನಿಂತಲ್ಲಿ ನಿಲ್ಲಲಾರದೆ ಅವರ ಹಿಂದೆಯೇ ಸುತ್ತಿದೆ. ಈ ಪಟ್ಟಿ ಕೆಟ್ಟರೆ ನನ್ನನ್ನು ಮನೆಗೆ ಕಳಿಸುತ್ತಾರೆ, ಒಂದೇ ಒಂದು ಸಲ ಸೊನ್ನೆ ಕೊಡಿ ಸಾರ್ ಎಂದು ಅತ್ತೆ. ಅವರು ನಡಿಗೆ ನಿಲ್ಲಿಸಿ ನನ್ನ ಮುಖ ನೋಡಿದರು. ಆಮೇಲೆ ಹೋಗಿ ಕೀಲಿ ಬದಲಿಸಿದರು.

ಪ್ರೋಗ್ರಾಮು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಓಡಿತು. ಜೀಪು ಬಂತು, ಪಟ್ಟಿ ಹೋಯಿತು. ನಾನು ಎಲ್ಲರಿಗೂ ಕಾಫಿ ಕೊಡಿಸಿದೆ.

ತಪ್ಪು ಎಲ್ಲಿತ್ತೆಂದು ಆಮೇಲೆ ತಿಳಿಯಿತು. ಐನೂರು ಬಗೆಯ ಬಿಡಿಭಾಗಗಳಿಗೆ ನಾನು ಜಾಗ ಮಾಡಿದ್ದೆ. ಕಾರ್ಖಾನೆಯವರು ಕೊಟ್ಟದ್ದು ಐನೂರ ಹನ್ನೆರಡು. ಹೆಚ್ಚಿನ ಹನ್ನೆರಡು ಪಕ್ಕದ ಕೋಣೆಗೆ ನುಗ್ಗಿದ್ದವು, ತಡೆಯುವವರಿರಲಿಲ್ಲ. ಪಕ್ಕದಲ್ಲಿ ಓಡುತ್ತಿದ್ದದ್ದು ಒಂದು ಟೈಪಿಂಗ್ ಪರೀಕ್ಷೆಯ ಫಲಿತಾಂಶ. ಹನ್ನೆರಡು ಜನರ ಅಂಕಗಳ ಜಾಗದಲ್ಲಿ ನನ್ನ ನಟ್ಟು ಬೋಲ್ಟುಗಳ ಎಣಿಕೆ ಕೂತಿತ್ತು. ಒಬ್ಬಳಿಗೆ ನೂರಕ್ಕೆ ನಾಲ್ಕು, ಇನ್ನೊಬ್ಬನಿಗೆ ಒಂಬತ್ತು. ಅದು ಹಾಗೇ ನೋಟಿಸ್ ಬೋರ್ಡಿಗೂ ಏರಿತು.

ಮೂರನೆಯ ದಿನ ಕೆಂಗೇರಿಯಿಂದ ಒಬ್ಬ ತಂದೆ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೇ ಬಂದ. “ಎರಡು ದಿನದಿಂದ ಅನ್ನ ಮುಟ್ಟಿಲ್ಲ ಸಾರ್. ಕ್ಲಾಸಲ್ಲಿ ಇವಳೇ ಫಸ್ಟು. ನಾಲ್ಕು ಹೆಂಗೆ ಬರುತ್ತೆ?” ಹುಡುಗಿಯ ಕಣ್ಣು ಊದಿಕೊಂಡಿತ್ತು. ಗುರುಶಾಂತಪ್ಪನವರು ಅವರೆದುರಿಗೇ ಕಾಗದ ಬಿಡಿಸಿ, ಬೆರಳಿಟ್ಟು ನೋಡುತ್ತ ಹೋಗಿ, ಹನ್ನೆರಡನ್ನೂ ಪತ್ತೆ ಮಾಡಿದರು. ಫಲಿತಾಂಶವನ್ನು ಅಂದೇ ತಿದ್ದಿದರು.

ಮ್ಯಾನೇಜರು ಎಲ್ಲರನ್ನೂ ಕರೆದರು. “ಸೊನ್ನೆ ಕೀಲಿ ಕೊಟ್ಟೋರು ಯಾರು?”

“ನಾನೇ ಸಾರ್.”

“ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ರೀ! ಯಾರು ಕೇಳಿದ್ರು ನಿಮ್ಮನ್ನ?”

“ಯಾರೂ ಕೇಳ್ಲಿಲ್ಲ ಸಾರ್. ನಾನೇ ಕೊಟ್ಟೆ.”

ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಾಯಿ ತೆರೆದರೆ ಸಾಕಿತ್ತು. ನಾನು ನೆಲ ನೋಡುತ್ತ ನಿಂತೆ.

ಅವರನ್ನು ಮೆಷೀನಿನಿಂದ ತೆಗೆದು ಕಾರ್ಡುಗಳ ಉಗ್ರಾಣಕ್ಕೆ ಹಾಕಿದರು. ಒಂದು ತಿಂಗಳು ಹೇಗೋ ಇದ್ದು ರಾಜೀನಾಮೆ ಕೊಟ್ಟರು. ಆ ತಿಂಗಳಿಡೀ ನಾನು ಉಗ್ರಾಣದ ಬಾಗಿಲವರೆಗೆ ಹೋಗಿ ಹೋಗಿ ಹಿಂದಿರುಗಿದ್ದೇನೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡು ಎಷ್ಟು ರಾತ್ರಿ ಹೊರಳಾಡಿದೆನೋ.

ಕೊನೆಗೆ ಅವರು ಸಿಕ್ಕಿದ್ದು ಒಂದು ಸಂಜೆ, ವಿಜಯನಗರದ ಬಸ್‌ ಸ್ಟಾಪಿನಲ್ಲಿ. ಮಾರನೆಯ ದಿನ ದಾವಣಗೆರೆಗೆ ಹೊರಟಿದ್ದರು. ನಾನು ಒಂದೇ ಉಸಿರಿಗೆ, “ಸಾರ್, ನಾಳೆ ಮ್ಯಾನೇಜರ್ ಹತ್ರ ಎಲ್ಲಾ ಹೇಳಿಬಿಡ್ತೀನಿ,” ಎಂದೆ.

ಅವರಿಗೆ ಸಿಟ್ಟು ಬರಲಿ ಎಂದು ಆಸೆಪಟ್ಟೆ. ಬರಲಿಲ್ಲ.

“ನೀನು ಹೇಳೋದಿದ್ರೆ ಅವತ್ತೇ ಹೇಳ್ತಿದ್ದೆ ತಂಗಿ,” ಎಂದರು, ಸಮಾಧಾನವಾಗಿಯೇ. “ಹೋಗು, ನಿನ್ನ ಬಸ್ ಬಂತು.”

ಕೆಲಸ ಖಾಯಮಾದ ಪತ್ರ ಅಂದು ಮಧ್ಯಾಹ್ನವೇ ನನ್ನ ಕೈ ಸೇರಿತ್ತು. ಬಸ್ಸು ಹತ್ತಿದೆ. ಮಾರನೆಯ ದಿನವೂ ಮ್ಯಾನೇಜರಿಗೆ ಏನೂ ಹೇಳಲಿಲ್ಲ.