ಕಿರವತ್ತಿಯ ಉಂಡೆ ಅಣಬೆ

ಕಿರವತ್ತಿಯಲ್ಲಿ ನಾವು ಹೊರಟಿದ್ದ ಸರ್ವಿಸ್ ಮೋಟಾರು ಬಸ್ಸಿನ ಎಂಜಿನ್ ಬಿಸಿಯೇರಿ ನಿಂತಿತು. ಅದು ಆರುವಷ್ಟರಲ್ಲಿ ಡ್ರೈವರ್ ಕರೀಂ ಸಾಹೇಬರು ಕಾಡಂಚಿನ ಮಣ್ಣಿನಿಂದ ಒಂದು ಬುಟ್ಟಿ ಉಂಡೆ ಅಣಬೆ ಕಿತ್ತು ತಂದು, ಪಲ್ಯ ಮಾಡಿಕೊಡಿ ಎಂದು ಖಾನಾವಳಿಯ ದೇವಕ್ಕನ ಮುಂದಿಟ್ಟರು. ವಿಷದ್ದಿದ್ದರೂ ಇರಬಹುದೆಂದು ಆಕೆ ಮುಟ್ಟಲಿಲ್ಲ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವನು. ಒಂದನ್ನು ಎತ್ತಿ ಸೀಳಿದೆ. ಒಳಗೆಲ್ಲ ಬೆಣ್ಣೆಯಂಥ ಒಂದೇ ಬಿಳುಪು; ತಿನ್ನುವಂಥದ್ದೇ. "ಒಂದೇ ಜಾಗದಲ್ಲಿ ಬೆಳೆದ ಒಂದೇ ಜಾತಿ. ಒಂದು ನೋಡಿದರೆ ಸಾಕು," ಎಂದು ತೀರ್ಪು ಕೊಟ್ಟೆ.

"ನೀವೊಬ್ರು ಓದೀರಿ ಅಂತ ಮೋಟಾರಿನಾಗಿದ್ದವ್ರೆಲ್ಲಾ ಓದ್ಯಾರೇನ್ರಿ?" ಎಂದಳು ದೇವಕ್ಕ.

ಕಾಲೇಜಿನ ಚರ್ಚಾಕೂಟದಲ್ಲೂ ನನಗೆ ಇಷ್ಟು ಚೊಕ್ಕ ಉತ್ತರ ಕೊಟ್ಟವರಿಲ್ಲ. ಈಳಿಗೆಮಣೆ ಎಳೆದುಕೊಂಡು ಒಂದೊಂದನ್ನೂ ಸೀಳುತ್ತ ಕುಳಿತೆ. ಹನ್ನೊಂದನೆಯದೂ ಹೊರಗೆ ಹಾಗೇ ಉರುಟು, ಹಾಗೇ ಬಿಳಿ. ಒಳಗೆ ಮಾತ್ರ ಮಡಿಸಿಟ್ಟ ಪುಟ್ಟ ಕೊಡೆ: ಟೊಪ್ಪಿಗೆ, ಅದರಡಿ ಸಣ್ಣ ಪದರಗಳು, ಕಾಂಡ. ಅದು ಉಂಡೆ ಅಣಬೆಯೇ ಅಲ್ಲ. ಇನ್ನೂ ಅರಳದ ವಿಷದ ಅಣಬೆ.

"ಇದು ಹೊಟ್ಟಿಗೆ ಹೋಗಿದ್ರ?" ಎಂದರು ಸಾಹೇಬರು.

"ಮೋಟಾರು ಇಲ್ಲೇ ಇರ್ತಿತ್ತು, ನೀವು ಹೋಗ್ತಿದ್ರಿ," ಎಂದು ಆಕೆ ಅದನ್ನು ಒಲೆಗೆ ಎಸೆದಳು.

ಈಳಿಗೆಯನ್ನು ಬೂದಿ ಹಚ್ಚಿ ತೊಳೆದು ಉಳಿದವನ್ನೂ ಸೀಳಿ ಮುಗಿಸಿದೆ. ಎಲ್ಲವೂ ಒಳಗೆ ಅಪ್ಪಟ ಬಿಳಿ. ಆದರೂ ಪಲ್ಯ ಬೆಂದಾಗ ಯಾರೂ ಎಲೆಗೆ ಕೈ ಹಾಕಲಿಲ್ಲ. "ಕೊಯ್ದವ್ರು ಮೊದ್ಲು ಉಣ್ರಿ," ಎಂದು ದೇವಕ್ಕ ನನಗೆ ಬಡಿಸಿ ಎದುರಿಗೇ ಕುಳಿತಳು. ಬುಟ್ಟಿಯಲ್ಲಿದ್ದ ಒಂದೊಂದನ್ನೂ ನನ್ನ ಕಣ್ಣೇ ಕಂಡಿತ್ತು. ಸಾಹೇಬರು ನನ್ನ ಮುಖವನ್ನೇ ನೋಡುತ್ತಿರುವಾಗ ಎಲೆ ಬರಿದು ಮಾಡಿ, ಇನ್ನಷ್ಟು ಬಡಿಸಿ ಎಂದೆ.