ಕೆಂಪು ದೀಪದ ಗೀಸರ್

ಆಳಂದದ ನಮ್ಮ ಓಣಿಗೆ ಮೊದಲ ಗೀಸರ್ ತಂದವನು ನಾನು. ಎಂಬತ್ತರ ದಶಕದ ಕೊನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ, ಮದುವೆಯಾಗಿರಲಿಲ್ಲ, ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ. ಅವ್ವನಿಗೆ ಮೊಣಕಾಲು ನೋವು. ಆದರೂ ಬೆಳಗಾದರೆ ಬಚ್ಚಲೊಲೆ ಊದಿ, ಬಿಸಿನೀರಲ್ಲಿ ಮಿಂದು, ಲಿಂಗಪೂಜೆ ಮುಗಿಸಿಯೇ ಚಹಾ ಕುಡಿಯುವವಳು. ಅವಳಿಗೆ ಹೊಗೆ ತಪ್ಪಲೆಂದು ಗೀಸರ್ ತಂದು, ಒಲೆ ಒಡೆಸಿ ಫರಸಿಕಲ್ಲು ಹಾಕಿಸಿದೆ. ಅತನೂರಿನ ತವರಿಂದ ಅವಳು ತಂದಿದ್ದ ತಾಮ್ರದ ಹಂಡೆಯನ್ನೂ ಪಾತ್ರೆ ಅಂಗಡಿಗೆ ಹಾಕಿಬಿಟ್ಟೆ. ಅದಕ್ಕೂ ಮುಂಚೆ ಅವ್ವ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದಳು.

ಓಣಿಯವರು ಬಂದು ನಲ್ಲಿಗೆ ಕೈಯೊಡ್ಡಿ ನೋಡಿ ಹೋದರು. ಒಲೆಗಿಂತ ಗೀಸರ್ ಹೇಗೆ ಮೇಲೆಂದು ನಾನು ಪ್ರತಿಯೊಬ್ಬರಿಗೂ ಪಾಠ ಹೇಳಿದೆ. ನಾನು ಮಾತ್ರ ಮೊದಲಿಂದಲೂ ತಣ್ಣೀರಿನವನು, ಗೀಸರಿನ ಒಂದು ಚೊಂಬು ನೀರನ್ನೂ ಮೈಮೇಲೆ ಹಾಕಿಕೊಂಡವನಲ್ಲ.

ವರ್ಷವಾದ ಮೇಲೆ ಗೀಸರ್ ತೊಳೆಸಲೆಂದು ರಿಪೇರಿಯವನನ್ನು ಕರೆಸಿದೆ. ನನ್ನ ಹಳೆಯ ವಿದ್ಯಾರ್ಥಿ, ವಿಜ್ಞಾನದಲ್ಲಿ ಅವನನ್ನು ಎರಡು ಸಲ ಫೇಲ್ ಮಾಡಿದವನೂ ನಾನೇ. ಅವನು ಟಾಂಕಿಯೊಳಗಿಂದ ಒಂದು ಸರಳು ತೆಗೆದು ತೋರಿಸಿದ. ಅಗಿದು ಉಗಿದ ಕಬ್ಬಿನಂತಾಗಿತ್ತು.

"ಸರ್, ಇದು ತಾ ಸವೆದು ಟಾಂಕಿ ಉಳಸ್ತದ್ರಿ. ಹೊಸಾದು ಹಾಕೂಣ್ರಿ" ಎಂದ.

"ಲೇ, ತುಕ್ಕು ಹಿಡಿಯೋ ಸಾಮಾನು ಟಾಂಕಿಯೊಳಗ ಇಟ್ರ ಟಾಂಕಿಗೂ ಹತ್ತೋದಿಲ್ಲೇನು? ತೆಗೆದು ಆ ತೂತಿಗೆ ಬೂಚು ಹೊಡಿ" ಎಂದೆ.

ಕಬ್ಬಿಣಕ್ಕೆ ತುಕ್ಕು ಹಿಡಿಯುವ ಪಾಠವನ್ನು ವರ್ಷವರ್ಷ ಬೋರ್ಡಿನ ಮೇಲೆ ಬರೆಯುವ ಪುಸ್ತಕದ ಬದನೆಕಾಯಿ ನಾನು. ಮಾಸ್ತರನ ಮಾತು ಮೀರಲಾರದೆ ಅವನು ಬೂಚು ಹೊಡೆದ.

ಹಾಗಂತ ಆರೈಕೆಯಲ್ಲಿ ಕಡಿಮೆ ಮಾಡಲಿಲ್ಲ. ಸೋಮವಾರಕ್ಕೊಮ್ಮೆ ಹೊರಗಿನ ತಗಡು ಒರೆಸುತ್ತಿದ್ದೆ. ಆಯುಧಪೂಜೆಗೆ ಅದರ ಹಣೆಗೂ ಮೂರು ಬೆರಳು ವಿಭೂತಿ, ಮೇಲೊಂದು ಚೆಂಡುಹೂವಿನ ಮಾಲೆ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು. ಬೆಳಗ್ಗೆ ಕೆಂಪು ದೀಪ ಹತ್ತಿದ್ದು ಕಂಡರೆ ನನಗೆ ಸಮಾಧಾನ.

ಮೂರನೆಯ ಚಳಿಗಾಲದಲ್ಲಿ ಟಾಂಕಿ ತಳದಿಂದ ಸೋರತೊಡಗಿತು. ಅದೇ ರಿಪೇರಿಯವನು ಬಂದು ಬಿಚ್ಚಿದರೆ, ಸರಳಿಲ್ಲದ ಟಾಂಕಿಯೊಳಗಿಂದ ಒಂದು ಬುಟ್ಟಿ ತುಕ್ಕಿನ ಹಕ್ಕಳೆ ಸುರಿಯಿತು. ನೀರು ಕಾಯಿಸುವ ಕಾಯಿಲ್ ಸುಣ್ಣ ಕಟ್ಟಿ ತುಂಡಾಗಿತ್ತು.

"ಇದು ಸುಟ್ಟು ಭಾಳ ದಿನ ಆಗ್ಯಾದ್ರಿ ಸರ್. ದೀಪಾವಳಿಗಿಂತ ಮೊದಲ."

"ದೀಪ ಹತ್ತತಿತ್ತಲ್ಲೋ!"

"ದೀಪದ ವಾಯರ್ ಬ್ಯಾರೆ ರೀ."

ಅವ್ವ ಬಾಗಿಲಲ್ಲಿ ನಿಂತಿದ್ದಳು. "ಅವ್ವಾ, ಇಷ್ಟ ದಿನ ಯಾವ ನೀರಲೆ ಜಳಕ ಮಾಡಿದಿ?" ಎಂದೆ.

"ತಣ್ಣೀರಲೆ. ಗೀಸರ್ ನಳದಾಗ ಕೆಂಪನ ರಾಡಿ ಬರ್ತಿತ್ತು. ಅದನ್ನ ಮೈಮ್ಯಾಲ ಹಾಕ್ಕೊಂಡು ಲಿಂಗ ಹ್ಯಾಂಗ ಮುಟ್ಟಲಿ?"

"ಸ್ಟೋ ಮ್ಯಾಲರೆ ಕಾಸ್ಕೋಬೇಕಿಲ್ಲೇನು?"

"ಕಾಸಿದ್ರ ಮಂದಿ ಕೇಳ್ತಿದ್ರು. ಓಣಿ ತುಂಬ ಹೇಳ್ಕೊಂಡು ಬಂದಿದ್ದಿ. ನಿನ್ನ ಮಾರಿ ಸಣ್ಣದಾಗೋದು ಬ್ಯಾಡ ಅಂತ ಸುಮ್ನಿದ್ದೆ."

ರಿಪೇರಿಯವನು ತಲೆ ತಗ್ಗಿಸಿ ಸ್ಕ್ರೂಗಳನ್ನು ಎಣಿಸತೊಡಗಿದ. ನನಗೆ ಅಳು ಬಂತು, ಅವನೆದುರು ತಡೆದುಕೊಂಡೆ. ಸಂಜೆ ಪಾತ್ರೆ ಅಂಗಡಿಗೆ ಓಡಿದೆ. ಹಂಡೆ ಕರಗಿ ಯಾವ ಕಾಲವಾಗಿತ್ತೋ.

ಮರುದಿನದಿಂದ ಅವ್ವನಿಗಿಂತ ಮೊದಲೇ ಎದ್ದು ಸ್ಟೋ ಮೇಲೆ ನೀರು ಕಾಯಿಸತೊಡಗಿದೆ. ಬಕೀಟಿಗೆ ಸುರಿದು, ಮೊಣಕೈವರೆಗೆ ಕೈ ಅದ್ದಿ ನೋಡಿಯೇ ಅವಳನ್ನು ಕರೆಯುತ್ತಿದ್ದೆ.