ಮುಂಜಾನೆ ಬಸ್ಸಿನ ಬೀಗರು

“ನಿಮ್ ಮನೆಗೆ ತಿಂಗಳಿಗೆ ಎಷ್ಟ್ ಜನ ಬರ್ತಾರಮ್ಮ?”

ಜರಗನಹಳ್ಳಿಯಲ್ಲಿ ಬಾಡಿಗೆ ಮನೆ ನೋಡಲು ಹೋದ ದಿನ ಓನರ್ ಜಯಮ್ಮ ನನಗೆ ಕೇಳಿದ ಮೊದಲ ಪ್ರಶ್ನೆ ಇದು. ನಾನು ಗಂಡನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಗದಗಿನ ಕಡೆಯ ನಮ್ಮ ಹಳ್ಳಿಯಲ್ಲಿ ಇಂಥ ಮಾತನ್ನು ಯಾರೂ ಯಾರಿಗೂ ಕೇಳುವುದಿಲ್ಲ. ಬರುವವರು ಬರುತ್ತಾರೆ, ಉಣ್ಣುತ್ತಾರೆ, ಹೋಗುತ್ತಾರೆ. ಅದನ್ನು ಮೊದಲೇ ಹೇಳಿ ಎಂದು ಕೇಳುವ ಊರಿಗೆ ಬಂದುಬಿಟ್ಟೆವಲ್ಲ ಎಂದುಕೊಂಡೆ.

“ಬೇಜಾರ್ ಮಾಡ್ಕೋಬೇಡಿ. ಸಂಪಲ್ಲಿ ನೀರು ಸಾಲಲ್ಲ, ಅದಕ್ಕೆ ಕೇಳ್ದೆ,” ಎಂದರು ಜಯಮ್ಮ. ಸಂಪು ಎಂದರೆ ಅಂಗಳದಲ್ಲಿ ನೆಲದಡಿ ಕಟ್ಟಿದ ನೀರಿನ ತೊಟ್ಟಿ. ನಮ್ಮೂರಲ್ಲಿ ನೀರಿಗೆ ಬರ ಇಲ್ಲವೇ? ಇದೆ, ಇಲ್ಲಿಗಿಂತ ಹೆಚ್ಚೇ ಇದೆ. ಆದರೆ ಅದನ್ನು ಬರುವ ಜನರ ತಲೆಗೆ ಹಂಚಿ ನೋಡುವ ಬುದ್ಧಿ ನಮಗೆ ಬಂದಿರಲಿಲ್ಲ.

“ಯಾರೂ ಬರೂದಿಲ್ರಿ,” ಎಂದೆ. ಆ ಹೊತ್ತಿಗೆ ಅದು ನಿಜವೇ. ಬೆಂಗಳೂರಲ್ಲಿ ನಮಗೆ ಗುರುತಿನವರು ಒಬ್ಬರೂ ಇರಲಿಲ್ಲ. ನಮ್ಮೂರಿನವರಿಗೆ ಬೆಂಗಳೂರಲ್ಲಿ ನಾವಿದ್ದೇವೆ ಎಂಬುದು ಮಾತ್ರ ನನ್ನ ತಲೆಗೆ ಹೊಳೆಯಲೇ ಇಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಗಂಡ ಬಸವರಾಜ ಬನಶಂಕರಿಯ ಔಷಧಿ ಗೋದಾಮೊಂದರಲ್ಲಿ ಗುಮಾಸ್ತರು. ಮಗಳು ಅಕ್ಷತಾಗೆ ಆಗ ಮೂರು ತುಂಬಿರಲಿಲ್ಲ. ಜಯಮ್ಮನವರ ಮನೆತನದ ರಾಗಿ ಹೊಲ ಇದ್ದ ಜಾಗದಲ್ಲೇ ಸಾಲಾಗಿ ಬಾಡಿಗೆ ಮನೆಗಳು ಎದ್ದಿದ್ದವು. ಅದರಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ನಮ್ಮದು. ಕಿಟಕಿ ತೆಗೆದರೆ ಪಕ್ಕದ ಮನೆಯವರ ಕುಕ್ಕರಿನ ಹಬೆ ನಮ್ಮ ಮುಖಕ್ಕೇ ಬರುತ್ತಿತ್ತು.

ಮೊದಲ ಫಜೀತಿ ಜೋಳದ ಹಿಟ್ಟಿನದು. ಊರಲ್ಲಿ ಗಿರಣಿ ಎನ್ನುವುದಕ್ಕೆ ಇಲ್ಲಿ ಮಿಲ್ಲು. ಮಿಲ್ಲಿನವನು ನನ್ನ ಜೋಳವನ್ನು ಎಲ್ಲರ ರಾಗಿ ಆದ ಮೇಲೆ ಅದೇ ಕಲ್ಲಿಗೆ ಸುರಿದ. ರೊಟ್ಟಿ ಬೂದಿ ಬಣ್ಣಕ್ಕೆ ಬಂತು. ಇವರು ಒಂದು ತುತ್ತು ತಿಂದು, “ಇದು ಅರ್ಧ ಮುದ್ದಿ, ಅರ್ಧ ರೊಟ್ಟಿ ಆಗೇತಿ ನೋಡು, ನಮ್ಮಂಗ,” ಎಂದರು. ನಾನು ರೊಟ್ಟಿ ಬಡಿಯುವ ಸದ್ದಿಗೆ ಜಯಮ್ಮ ಗಾಬರಿಯಾಗಿ ಬಂದು ನೋಡಿದರು. ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಹಾಕಿ ಕೊಟ್ಟೆ. ಮರುದಿನ ಒಂದು ಬಟ್ಟಲು ಅವರೆಕಾಳು ಹುಳಿ ತಂದುಕೊಟ್ಟರು. ಅಷ್ಟರ ಮಟ್ಟಿಗೆ ಈ ಊರು ಸ್ವಲ್ಪ ನಮ್ಮದಾಯಿತು.

ನನಗೆ ಟೀಚರ್ ಆಗಬೇಕಿತ್ತು. ಪಿಯುಸಿ ಮುಗಿಸಿದ ವರ್ಷವೇ ಮದುವೆ ಮಾಡಿದ್ದರು. ಬಿ.ಎ. ಆಗದೆ ಬಿ.ಎಡ್ ಇಲ್ಲ, ಬಿ.ಎಡ್ ಆಗದೆ ಮಾಸ್ತರಿಕೆ ಇಲ್ಲ. ಜಯನಗರದಲ್ಲಿ ಬೆಳಗಿನ ಪಾಳಿಯ ಕಾಲೇಜು ಇದೆಯಂತೆ, ಏಳಕ್ಕೆ ಶುರುವಾಗಿ ಒಂಬತ್ತಕ್ಕೆಲ್ಲ ಬಿಟ್ಟುಬಿಡುತ್ತಾರಂತೆ ಎಂದು ಜಯಮ್ಮನೇ ಹೇಳಿದ್ದು. ಇವರು ಗೋದಾಮಿಗೆ ಹೊರಡುವುದು ಹತ್ತಕ್ಕೆ. ಅಲ್ಲಿಯವರೆಗೆ ಮಗುವನ್ನು ನೋಡಿಕೊಳ್ಳುತ್ತೇನೆ ಎಂದರು. ಊರಲ್ಲಿ ಇದ್ದಿದ್ದರೆ ಇಂಥ ಮಾತು ಅವರ ಬಾಯಿಂದ ಬರುತ್ತಲೇ ಇರಲಿಲ್ಲ. ಆ ಒಂದು ವಿಷಯಕ್ಕೆ ನಾನು ಬೆಂಗಳೂರಿಗೆ ಇವತ್ತಿಗೂ ಋಣಿ.

ಮೊದಲೆರಡು ವರ್ಷ ಹೇಗೋ ದಾಟಿದವು. ನಸುಕಿನಲ್ಲಿ ರೊಟ್ಟಿ, ಪಲ್ಯ ಮುಗಿಸಿ, ಕನಕಪುರ ರಸ್ತೆಗೆ ಓಡಿ ಬಸ್ಸು ಹಿಡಿದು, ಪುಸ್ತಕವನ್ನು ಬಸ್ಸಲ್ಲೇ ಓದುತ್ತಿದ್ದೆ. ಕ್ಲಾಸಿನಲ್ಲಿ ನಾನು ಬಾಯಿ ಬಿಟ್ಟರೆ ಹಿಂದಿನ ಬೆಂಚಿನ ಹುಡುಗಿಯರು ನಗುತ್ತಿದ್ದರು. “ಅಕ್ಕ, ಇನ್ನೊಂದ್ ಸಲ ಹೇಳಿ, ಸಖತ್ತಾಗಿದೆ ನಿಮ್ ಕನ್ನಡ,” ಎನ್ನುತ್ತಿದ್ದರು. ಕನ್ನಡ ಓದಲು ಬಂದ ಕ್ಲಾಸಿನಲ್ಲೇ ನನ್ನ ಕನ್ನಡ ತಮಾಷೆಯ ವಸ್ತುವಾಯಿತು. ನಿಧಾನಕ್ಕೆ ನಾನೂ ‘ಬರ್ತೀನಿ, ಹೋಗ್ತೀನಿ’ ಕಲಿತೆ. ಎರಡನೇ ವರ್ಷ ಪಾಸಾದ ದಿನ ಇವರು ಮೈಸೂರು ಪಾಕು ತಂದರು. ಅಕ್ಷತಾ ಅದನ್ನು ವಠಾರದ ಮನೆಮನೆಗೂ ಹಂಚಿ ಬಂದಳು.

ಆ ಬೇಸಿಗೆಯಲ್ಲೇ ದೊಡ್ಡ ಮಾವ ಬಂದರು. ಇವರ ತಂದೆಯ ಅಣ್ಣ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದವರು. ಕಣ್ಣು ಚೆನ್ನಾಗಿ ಆಯಿತು, ನಮಗೂ ಸಂತೋಷವೇ. ಊರಿಗೆ ಹೋದವರೇ ಕಟ್ಟೆಯ ಮೇಲೆ ಕೂತು ಹೇಳಿದರಂತೆ: “ಬೆಂಗಳೂರಾಗ ನಮ್ಮ ಬಸುನ ಮನಿ ಐತಿ. ಲಾಡ್ಜು ಗೀಡ್ಜು ಯಾಕ್ ಬೇಕು?”

ಅಲ್ಲಿಂದ ಶುರುವಾಯಿತು ನೋಡಿ. ಸೊಂಟ ನೋವಿನವರು, ಇಂಟರ್‌ವ್ಯೂಗೆ ಬಂದವರು, ವಿಧಾನಸೌಧದಲ್ಲಿ ಅರ್ಜಿ ಕೊಡುವವರು, ಸುಮ್ಮನೆ ಬೆಂಗಳೂರು ಹೆಂಗೈತಿ ನೋಡೋಣ ಎಂದು ಬಂದವರು. ನಮ್ಮ ಕಡೆ ಮನೆಗೆ ಬಂದವರೆಲ್ಲ ಬೀಗರು. ಇಲ್ಲಿಯವರಿಗೆ ಬೀಗರೆಂದರೆ ಮಕ್ಕಳನ್ನು ಕೊಟ್ಟು ತಂದವರು ಮಾತ್ರ, ಉಳಿದವರು ನೆಂಟರು. ಜಯಮ್ಮ, “ನಿಮಗೆಷ್ಟಮ್ಮ ಬೀಗರು, ಮಗಳಿಗೆ ಈಗ್ಲೇ ಮದ್ವೆ ಮಾಡಿದ್ದೀರಾ?” ಎಂದು ನಗುತ್ತಿದ್ದರು. ನಗುತ್ತಲೇ ನೀರಿನ ಮೋಟರ್ ಆಫ್ ಮಾಡುತ್ತಿದ್ದರು.

ಬರಲಿ, ಬಂದವರು ಪಾಪ ಬರಿಗೈಲಿ ಬರುತ್ತಿರಲಿಲ್ಲ. ಖಡಕ್ ರೊಟ್ಟಿಯ ಗಂಟು, ಬದನೆಕಾಯಿ, ಹುರಿದ ಶೇಂಗಾ ತರುತ್ತಿದ್ದರು. ಅಮ್ಮನ ಕೈಯ ಚಟ್ನಿಪುಡಿಯ ವಾಸನೆಗೆ ನನಗೆ ಅಳು ಬರುತ್ತಿತ್ತು. ಕಷ್ಟವಿದ್ದದ್ದು ಬಸ್ಸಿನ ಹೊತ್ತಿನಲ್ಲಿ. ನಮ್ಮೂರ ಕಡೆಯ ರಾತ್ರಿ ಬಸ್ಸು ಮೆಜೆಸ್ಟಿಕ್ಕಿಗೆ ಬರುವುದು ನಸುಕಿನಲ್ಲಿ. ಅಲ್ಲಿಂದ ಸಿಟಿ ಬಸ್ಸು ಹಿಡಿದು ಅವರು ನಮ್ಮ ಗೇಟಿಗೆ ಬರುವುದೂ, ನಾನು ಬ್ಯಾಗು ಹಾಕಿಕೊಂಡು ಗೇಟಿಗೆ ಬರುವುದೂ ಒಂದೇ ಗಳಿಗೆಗೆ.

“ಎಲ್ಲಿಗೆ ಹೊಂಟೀಯವಾ ಇಷ್ಟ್ ನಸುಕಿನ್ಯಾಗ?” ಎನ್ನುವರು ಬಂದವರು.

“ಕಾಲೇಜಿಗ್ರಿ ಮಾವಾರ.”

“ಕಾಲೇಜಿಗೆ? ಅಲ್ಲೇನ್ ಕೆಲಸ?”

“ಕಲಿಯಾಕ್ರಿ.”

“ಹೌದಾ? ಭಾಳ ಛಲೋ ಆತು. ಒಂದೀಟು ಚಾ ಮಾಡಿ ಹೋಗವಾ ಹಂಗಾರ.”

ಒಂದೀಟು ಚಾ ಎಂದರೆ ಬರೀ ಚಹಾ ಅಲ್ಲ ಎಂಬುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಬಂದವರಿಗೆ ಮೊದಲು ತಂಬಿಗೆ ನೀರು, ಒಂದು ಚೂರು ಬೆಲ್ಲ. ಆಮೇಲೆ ಚಹಾ, ಸ್ನಾನಕ್ಕೆ ನೀರು, ಉಪ್ಪಿಟ್ಟು. ಅದನ್ನೆಲ್ಲ ಮನೆಯ ಹೆಣ್ಣೇ ಕೊಡಬೇಕು. ಎದುರಾದ ಬೀಗರನ್ನು ಬಾಗಿಲಲ್ಲೇ ಬಿಟ್ಟು ದಾಟಿ ಹೋದವಳನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಬ್ಯಾಗು ಮೊಳೆಗೆ ಹೋಗುತ್ತಿತ್ತು, ನಾನು ಒಲೆಯ ಮುಂದೆ ಹೋಗುತ್ತಿದ್ದೆ.

ಒಂದು ಸಲ ಮಾತ್ರ ಹೋದೆ. ಅವತ್ತು ಇಂಟರ್ನಲ್ ಟೆಸ್ಟ್ ಇತ್ತು. ಬೆಲ್ಲ, ನೀರು ಕೊಟ್ಟು, “ಇವರು ಚಾ ಮಾಡ್ತಾರ್ರಿ,” ಎಂದು ಹೇಳಿ ಓಡಿದೆ. ಟೆಸ್ಟ್ ಚೆನ್ನಾಗಿ ಬರೆದೆ. ಮನೆಗೆ ಬಂದ ಹೊತ್ತಿಗೇ ಜಯಮ್ಮನ ಮನೆಯ ಫೋನಿಗೆ ಅತ್ತೆಯ ಕರೆ ಬಂತು. ಬಂದವರು ಎಸ್‌ಟಿಡಿ ಬೂತಿಗೆ ಹೋಗಿ ಕ್ಷೇಮವಾಗಿ ತಲುಪಿದ್ದನ್ನು ತಿಳಿಸುವಾಗ ಇದನ್ನೂ ತಿಳಿಸಿದ್ದರು.

“ಏನವಾ, ಬಸು ಚಾ ಮಾಡಿದನಂತ?” ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖ ಇತ್ತು. “ನನಗೇನೂ ಇಲ್ಲವಾ. ಆದ್ರ ಊರಾಗ ನಿಮ್ಮ ಮಾವಾರು ತಲಿ ಎತ್ತಿ ಅಡ್ಡಾಡಬೇಕಲ್ಲ.”

ಬೈದಿದ್ದರೆ ನಾನೂ ತಿರುಗಿ ಏನಾದರೂ ಅನ್ನುತ್ತಿದ್ದೆ. ಹಾಗೆ ಹೇಳಿದ್ದಕ್ಕೆ, “ಹೂನ್ರಿ ಅತ್ತಿ,” ಎಂದು ಫೋನ್ ಇಟ್ಟೆ.

ಮತ್ತೊಂದು ಉಪಾಯ ಮಾಡಿದೆ. ಬೀಗರು ಬರುವ ಮೊದಲೇ ಮನೆ ಬಿಡುವುದು. ಮನೆಯಲ್ಲಿ ನಾನಿಲ್ಲದಿರುವುದು ಬೇರೆ, ಎದುರಿಗೇ ದಾಟಿ ಹೋಗುವುದು ಬೇರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕತ್ತಲಿರುವಾಗಲೇ ಮೊದಲ ಬಸ್ಸಿಗೆ ಹೋಗಿ ಕಾಲೇಜಿನ ಗೇಟಿನ ಪಕ್ಕದ ಕಲ್ಲುಕಟ್ಟೆಯ ಮೇಲೆ ಕೂರುತ್ತಿದ್ದೆ. ವಾಚ್‌ಮನ್ ಮುನಿಯಪ್ಪ ನೋಡಿ ನೋಡಿ ಸಾಕಾಗಿ, “ಒಳಗ್ ಬನ್ನಿ ಮೇಡಂ, ಲೈಟ್ ಹಾಕ್ಕೊಡ್ತೀನಿ, ಓದ್ಕೊಳಿ,” ಎಂದ. ಖಾಲಿ ವರಾಂಡದಲ್ಲಿ ಒಂದು ಟ್ಯೂಬ್‌ಲೈಟಿನ ಕೆಳಗೆ ನಾನೊಬ್ಬಳೇ. ಇಡೀ ಬೆಂಗಳೂರಿನಲ್ಲಿ ನನ್ನದು ಎನ್ನುವ ಜಾಗ ಇದ್ದರೆ ಅದೊಂದೇ ಇತ್ತು. ಅಲ್ಲಿ ಯಾರೂ ನೀರು ಕೇಳುತ್ತಿರಲಿಲ್ಲ.

ಆ ಸುಖ ದೀಪಾವಳಿಯವರೆಗೆ ನಡೆಯಿತು. ಆಮೇಲೆ ದೊಡ್ಡ ಮಾವನ ಹೃದಯ ಕೈಕೊಟ್ಟಿತು. ಅವರು, ದೊಡ್ಡತ್ತೆ ಇಬ್ಬರೂ ಬಂದು ನಮ್ಮ ಒಂದೇ ಕೋಣೆಯಲ್ಲಿ ಉಳಿದರು. ಆಸ್ಪತ್ರೆಯಲ್ಲಿ ಚೀಟಿ ಕೊಡುವುದು ಬೆಳಿಗ್ಗೆ ಏಳಕ್ಕೆ, ಡಾಕ್ಟರು ನೋಡುವಷ್ಟರಲ್ಲಿ ಹನ್ನೊಂದು ದಾಟುತ್ತಿತ್ತು. ಸಾಲಿನಲ್ಲಿ ನಿಲ್ಲಲು, ಡಾಕ್ಟರು ಹೇಳಿದ್ದನ್ನು ತಿಳಿದುಕೊಳ್ಳಲು ಬೆಂಗಳೂರು ಗೊತ್ತಿದ್ದವರು ಬೇಕು. ಇವರು ತಡವಾಗಿ ಹೋದರೆ ಗೋದಾಮಿನಲ್ಲಿ ಕೆಲಸ ಹೋಗುತ್ತದೆ. ನನಗಿದ್ದದ್ದು ಕಾಲೇಜು. ಎರಡರಲ್ಲಿ ಯಾವುದನ್ನು ಬಿಡಬೇಕು ಎಂದು ನಮ್ಮ ಮನೆಯಲ್ಲಿ ಯಾರೂ ಚರ್ಚೆ ಮಾಡಲಿಲ್ಲ, ನಾನೂ ಮಾಡಲಿಲ್ಲ. ಮುದುಕರಿಗೆ ಉಸಿರಾಡಲೇ ಆಗುತ್ತಿರಲಿಲ್ಲ. ಅವರ ಫೈಲು ಹಿಡಿದು ಸಾಲಿನಲ್ಲಿ ನಿಂತೆ.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ಅಕ್ಷತಾ ಜಯಮ್ಮನ ಮೊಮ್ಮಗಳ ಜೊತೆ ಅಂಗಳದಲ್ಲಿ ಆಡುತ್ತಿದ್ದಳು.

“ಏನ್ ಆಟ ಪುಟ್ಟಿ?” ಎಂದು ಕೇಳಿದೆ.

“ಕಾಲೇಜ್ ಆಟ ಅಮ್ಮ.”

ನನ್ನ ಹಳೆಯ ವ್ಯಾನಿಟಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಗೇಟಿನವರೆಗೆ ನಡೆದಳು. ಅಲ್ಲಿ ನಿಂತಳು. “ಅಯ್ಯೋ, ನೆಂಟ್ರು ಬಂದ್ರು,” ಎಂದು ವಾಪಸ್ ಬಂದು ಬ್ಯಾಗನ್ನು ಕೆಳಗಿಟ್ಟಳು. “ಆಯ್ತು. ಈಗ ನಿಂದು,” ಎಂದು ಗೆಳತಿಗೆ ಕೊಟ್ಟಳು. ಆ ಹುಡುಗಿಯೂ ಗೇಟಿನವರೆಗೆ ಹೋಗಿ ವಾಪಸ್ ಬಂದಳು. ಅಷ್ಟೇ ಆಟ. ನಾನು ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ, ಹಾಕುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮೆಣಸಿನಕಾಯಿ ಘಾಟು ಎಂದರು ದೊಡ್ಡತ್ತೆ.

ಪರೀಕ್ಷೆಗೆ ಮುಂಚೆ ಮೇಡಂ ಕರೆದರು. “ನಿಮ್ದು ಶಾರ್ಟೇಜ್ ಆಗಿದೆಯಲ್ಲಮ್ಮ.” ಹಾಜರಿ ಕಡಿಮೆ ಬಿದ್ದರೆ ಇಲ್ಲಿ ಶಾರ್ಟೇಜ್ ಎನ್ನುತ್ತಾರೆ. ಶಾರ್ಟೇಜ್ ಆದವರಿಗೆ ಪರೀಕ್ಷೆ ಇಲ್ಲ.

“ಮೆಡಿಕಲ್ ಸರ್ಟಿಫಿಕೇಟ್ ಇದ್ರೆ ಕೊಡಿ, ಪ್ರಿನ್ಸಿಪಾಲರ ಹತ್ರ ಮಾತಾಡ್ತೀನಿ. ಹುಷಾರಿರ್ಲಿಲ್ವಾ?”

“ಹುಷಾರಿಲ್ದಿದ್ದು ನನಗಲ್ಲ ಮೇಡಂ.”

“ಮತ್ತೆ ಯಾರಿಗೆ?”

“ನಮ್ಮೂರಿನವರಿಗೆ.”

ಅವರು ನನ್ನನ್ನೇ ನೋಡಿದರು. ಒಳ್ಳೆಯವರು, ತಮಾಷೆ ಮಾಡುತ್ತಿದ್ದೇನೆಂದು ಅಂದುಕೊಳ್ಳಲಿಲ್ಲ. “ಈಗ ಬರ್ಬೇಡಿ ಅಂತ ಹೇಳ್ಬೋದಿತ್ತಲ್ಲ ಅವರಿಗೆ,” ಎಂದರು. ಅವರು ಜಯನಗರದಲ್ಲೇ ಹುಟ್ಟಿ ಬೆಳೆದವರು. ಅವರ ಮನೆಗೆ ಬರುವವರು ಫೋನ್ ಮಾಡಿ ಬರುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಆಗಲಿ ಮೇಡಂ ಎಂದು ಬಂದೆ.

“ಮುಂದಿನ ವರ್ಷ ನೋಡೂಣು,” ಎಂದರು ಇವರು. ಮುಂದಿನ ವರ್ಷ ಅಕ್ಷತಾ ಒಂದನೇ ಕ್ಲಾಸಿಗೆ ಸೇರಿದಳು. ಅವಳ ಸ್ಕೂಲೂ ಬೆಳಿಗ್ಗೆಯೇ. ಬೀಗರು ಬರುವುದು ನಿಲ್ಲಲಿಲ್ಲ. ದೊಡ್ಡ ಮಾವ ಎರಡು ಬೇಸಿಗೆ ಚೆನ್ನಾಗಿದ್ದು ತೀರಿಕೊಂಡರು. ಅವರನ್ನು ಮಣ್ಣು ಮಾಡುವ ದಿನ ಹೋದಾಗ ಊರಿನ ಹೆಂಗಸರು ನನ್ನ ಕೈ ಹಿಡಿದು, “ಬೆಂಗಳೂರಾಕಿ ಬಂದಳು, ಜಾಗ ಬಿಡ್ರಿ,” ಎಂದು ಕುರ್ಚಿ ಹಾಕಿದರು. ಉಳಿದವರೆಲ್ಲ ನೆಲದ ಮೇಲೆ ಕೂತಿದ್ದರು. ನಾನು ಹುಟ್ಟಿದ ತಾಲೂಕಿನಲ್ಲಿ ನನಗೊಬ್ಬಳಿಗೇ ಕುರ್ಚಿ.

ಕೆಲ ವರ್ಷಗಳ ನಂತರ ನಾದಿನಿ ಸವಿತಾ ಬಂದಳು. ಇವರ ಕೊನೆಯ ತಂಗಿ. ಗದಗಿನಲ್ಲಿ ಬಿ.ಎ., ಬಿ.ಎಡ್ ಮುಗಿಸಿದ್ದಳು. ಅತ್ತೆಯೇ ಹಟ ಹಿಡಿದು ಓದಿಸಿದ್ದರು. ಟೀಚರ್ ನೇಮಕಾತಿಯ ಪರೀಕ್ಷೆಗೆ ಅವಳಿಗೆ ಬೆಂಗಳೂರು ಸೆಂಟರ್ ಬಿದ್ದಿತ್ತು. ರಾತ್ರಿ ಬಸ್ಸಿಗೆ ಬಂದವಳಿಗೆ ನೀರು, ಬೆಲ್ಲ ಕೊಟ್ಟೆ, ಉಪ್ಪಿಟ್ಟು ಮಾಡಿದೆ. ಹಾಲ್‌ಟಿಕೆಟ್ ನೋಡಿದರೆ ಅದೇ ಕಾಲೇಜು.

“ದಾರಿ ಗೊತ್ತಿಲ್ಲ ವೈನಿ, ನೀವ ಬರ್ರಿ ಜೋಡಿ,” ಎಂದಳು. ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುವುದು. ಬಸ್ಸಲ್ಲಿ ಅವಳು ಹಾಲ್‌ಟಿಕೆಟನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಪಾಸಾಗಲಿ ಎಂದು ಮನಸಾರೆ ಬೇಡಿಕೊಂಡೆ. ಅವಳ ಮೇಲೆ ಹೊಟ್ಟೆಕಿಚ್ಚೂ ಆಯಿತು. ಎರಡೂ ನಿಜ.

ಗೇಟಿನಲ್ಲಿ ಮುನಿಯಪ್ಪ ಇನ್ನೂ ಇದ್ದ, ಕೂದಲು ಪೂರ್ತಿ ಬಿಳಿಯಾಗಿತ್ತು. ಗುರುತು ಹಿಡಿದ.

“ಏನ್ ಮೇಡಂ, ಎಷ್ಟ್ ವರ್ಷ ಆಯ್ತು. ಎಕ್ಸಾಮಾ?”

“ಇಲ್ಲಣ್ಣ. ನೆಂಟ್ರನ್ನ ಬಿಡೋಕ್ ಬಂದೆ.”

“ವೈನಿ, ಥೇಟ್ ಇಲ್ಲೇದವ್ರಂಗ ಮಾತಾಡ್ತೀರಲ್ಲ,” ಎಂದು ಸವಿತಾ ನಕ್ಕಳು. ಆಮೇಲೆ ವರಾಂಡ ದಾಟಿ ಒಳಗೆ ಹೋದಳು. ಗಂಟೆ ಹೊಡೆಯಿತು. ನಾನು ಕಲ್ಲುಕಟ್ಟೆಯ ಮೇಲೆ ಕೂತೆ.

ಬಿಸಿಲು ಏರಿತು. ಮುನಿಯಪ್ಪ ಒಂದು ಸ್ಟೀಲ್ ಲೋಟದಲ್ಲಿ ನೀರು ತಂದು ಎರಡೂ ಕೈಯಲ್ಲಿ ಕೊಟ್ಟ.

“ಕುಡೀರಿ ಮೇಡಂ. ಅಪರೂಪಕ್ಕೆ ಬಂದಿದ್ದೀರಿ.”

ಅಷ್ಟು ವರ್ಷ ಎಷ್ಟೋ ಜನರಿಗೆ ಹಾಗೇ ನೀರು ಕೊಟ್ಟಿದ್ದೆ. ಆ ಗೇಟಿಗೆ ನಾನೂ ಹೊರಗಿನಿಂದ ಬಂದವಳು ಎಂದು ಅವತ್ತು ತಿಳಿಯಿತು. ನೀರು ಕುಡಿದು ಲೋಟ ವಾಪಸ್ ಕೊಟ್ಟೆ.